ಕಡಲಾಚೆಯ ದೀಕ್ಷೆ: ಪಶ್ಚಿಮ ಕರಾವಳಿಯ ಕ್ರೈಸ್ತ ಬೋಧಕರ ಶಿಕ್ಷಣದ ಇತಿಹಾಸ

ಪಶ್ಚಿಮ ಕರಾವಳಿಯ ಕ್ರೈಸ್ತ ಸಭೆಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಯುರೋಪಿನಿಂದ ಇತ್ತ ಬಂದ ಹಡಗುಗಳನ್ನೇ ಲೆಕ್ಕಕ್ಕೆ ಹಿಡಿದಿದ್ದಾರೆ. ಯಾವ ವರ್ಷ ಯಾವ ಪಾದ್ರಿಗಳು ಗೋವೆಯಲ್ಲಿಯೋ ಮುಂಬಯಿಯಲ್ಲಿಯೋ ಮಂಗಳೂರಿನಲ್ಲಿಯೋ ಇಳಿದರು, ಎಲ್ಲಿ ಶಾಲೆಯನ್ನು ತೆರೆದರು, ಯಾವ ಗ್ರಂಥವನ್ನು ಅಚ್ಚು ಹಾಕಿಸಿದರು ಎಂಬುದೆಲ್ಲವೂ ಸವಿಸ್ತಾರವಾಗಿ ದಾಖಲೆಯಾಗಿದೆ. ಆದರೆ ಅದೇ ಕಡಲದಾರಿಯಲ್ಲಿ ಇಲ್ಲಿಯ ನೆಲದಲ್ಲಿ ಹುಟ್ಟಿದ ಕೆಲವು ತರುಣರು ಬೋಧಕರಾಗುವ ಶಿಕ್ಷಣವನ್ನು ಅರಸಿ ಅತ್ತ ಹೋದರೆಂಬ ಸಂಗತಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅವರ ಸಂಖ್ಯೆ ಅಲ್ಪ. ಆದರೆ ಅವರು ಎತ್ತಿದ ಪ್ರಶ್ನೆ ಅಲ್ಪವಲ್ಲ. ದೂರದೇಶದಲ್ಲಿ ಪಡೆದ ವಿದ್ಯೆಗೂ ದೀಕ್ಷೆಗೂ ಸ್ವದೇಶದಲ್ಲಿ ಎಷ್ಟು ಬೆಲೆ? ಕಲಿತು ಬಂದವನು ಕಲಿಸಿದವನಿಗೆ ಸಮಾನನೆಂದು ಎಣಿಸಲ್ಪಡುವನೇ? ಮುಂಬಯಿ, ಬಿಜಾಪುರ ಮತ್ತು ಮಂಗಳೂರು ಈ ಮೂರು ಸ್ಥಳಗಳಿಗೆ ಸಂಬಂಧಿಸಿದ ಮೂವರ ಜೀವನವನ್ನು ಪರಿಶೀಲಿಸಿದರೆ ಈ ಪ್ರಶ್ನೆಗಳಿಗೆ ಇತಿಹಾಸವು ಕೊಟ್ಟ ಉತ್ತರವು ತಿಳಿಯುತ್ತದೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕ್ರೈಸ್ತ ಸಭೆಯಲ್ಲಿ ಯಾಜಕನಾಗಲಿ ಸಭಾಪಾಲಕನಾಗಲಿ ಕೇವಲ ಪಾಂಡಿತ್ಯದಿಂದ ಆ ಪದವಿಗೆ ಏರಲಾರನು. ಅಧಿಕಾರವುಳ್ಳ ಹಿರಿಯರು ಅವನ ತಲೆಯ ಮೇಲೆ ಕೈಯಿರಿಸಿ ಪ್ರಾರ್ಥಿಸಿ ದೀಕ್ಷೆ ಕೊಡಬೇಕು. ನಮ್ಮ ಮಠಗಳಲ್ಲಿ ಪೀಠದ ಉತ್ತರಾಧಿಕಾರವು ಗುರುವಿನಿಂದ ಶಿಷ್ಯನಿಗೆ ಇಳಿದುಬರುವಂತೆಯೇ ಇದೂ ಒಂದು ಪರಂಪರೆ. ಆದುದರಿಂದ ದೀಕ್ಷೆಯನ್ನು ಯಾರು ಕೊಡಬೇಕು, ಯಾರಿಗೆ ಕೊಡಬೇಕು ಎಂಬ ವಿಚಾರವು ಸಭೆಯ ಯಜಮಾನಿಕೆ ಯಾರದೆಂಬ ವಿಚಾರವೇ ಆಗುತ್ತದೆ. ಹೊರದೇಶದವರ ಕೈಯಲ್ಲಿ ಈ ಅಧಿಕಾರವಿದ್ದ ಕಾಲದಲ್ಲಿ ಸ್ಥಳೀಯನೊಬ್ಬನಿಗೆ ಅದನ್ನು ಕೊಡುವುದೆಂದರೆ ಸಭೆಯ ಬೀಗದ ಕೈಯನ್ನೇ ಕೊಟ್ಟಂತಾಗುತ್ತಿತ್ತು.

ಈ ಕಥೆಯ ಪ್ರಥಮ ಪುರುಷರು ಮತೇವೂಸ್ ದ ಕಾಸ್ತ್ರೊ. ಇವರು 16ನೆಯ ಶತಮಾನದ ಕೊನೆಯ ದಶಕದಲ್ಲಿ ಗೋವೆಯ ದಿವಾಡಿ ದ್ವೀಪದಲ್ಲಿ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ಯಾಜಕರಾಗಬೇಕೆಂಬ ಅವರ ಅಪೇಕ್ಷೆಗೆ ಗೋವೆಯ ಪೋರ್ಚುಗೀಸ್ ಧರ್ಮಾಧಿಕಾರಿಗಳು ಎಡೆಗೊಡಲಿಲ್ಲ. ಆಗ ಅವರು ಪಶ್ಚಿಮ ಏಷ್ಯದ ನೆಲದಾರಿಯನ್ನು ಹಿಡಿದು 1625ರಲ್ಲಿ ರೋಮನ್ನು ಸೇರಿದರು. ಅಲ್ಲಿ ಮೂರು ವರ್ಷಗಳ ಹಿಂದೆ, ಎಂದರೆ 1622ರಲ್ಲಿ, ಪೋಪರು ಪ್ರೊಪಗಾಂಡ ಫೀದೆ ಎಂಬ ಪ್ರಚಾರ ಮಂಡಲಿಯನ್ನು ಸ್ಥಾಪಿಸಿದ್ದರು. ಪೋರ್ಚುಗಲ್ ಮತ್ತು ಸ್ಪೇಯಿನ್ ರಾಜರ ಹಿಡಿತದಿಂದ ಧರ್ಮಪ್ರಚಾರವನ್ನು ಬಿಡಿಸಿ ರೋಮಿನ ನೇರವಾದ ಆಡಳಿತಕ್ಕೆ ತರುವುದೂ, ಆಯಾ ದೇಶದವರನ್ನೇ ಯಾಜಕರನ್ನಾಗಿ ಸಿದ್ಧಪಡಿಸುವುದೂ ಆ ಮಂಡಲಿಯ ಧ್ಯೇಯವಾಗಿದ್ದುವು. ಈ ಧ್ಯೇಯಕ್ಕೆ ಕಾಸ್ತ್ರೊ ಅವರಂಥ ಶಿಷ್ಯನೇ ಬೇಕಾಗಿತ್ತು. ಅವರು ಅಲ್ಲಿ ವ್ಯಾಸಂಗ ಮಾಡಿ ಯಾಜಕ ದೀಕ್ಷೆಯನ್ನು ಪಡೆದು ಗೋವೆಗೆ ಮರಳಿದರು. ಆದರೆ ರೋಮಿನ ಪತ್ರಗಳಿಗೆ ಗೋವೆಯಲ್ಲಿ ಮನ್ನಣೆ ದೊರೆಯಲಿಲ್ಲ. ಅವರು ಪುನಃ ರೋಮಿಗೆ ಹೋಗಬೇಕಾಯಿತು.

1637ರಲ್ಲಿ ರೋಮು ಕಾಸ್ತ್ರೊ ಅವರನ್ನು ಬಿಷಪ್ ಪದವಿಗೇರಿಸಿ, ಬಿಜಾಪುರದ ಆದಿಲ್‌ಶಾಹಿ ರಾಜ್ಯಕ್ಕೆ ಪೋಪರ ಪ್ರತಿನಿಧಿಯಾದ ಧರ್ಮಾಧ್ಯಕ್ಷರನ್ನಾಗಿ ನಿಯಮಿಸಿತು. ಲ್ಯಾಟಿನ್ ವಿಧಿಯನ್ನು ಅನುಸರಿಸುವ ಸಭೆಯಲ್ಲಿ ಬಿಷಪ್ ಆದ ಭಾರತೀಯರಲ್ಲಿ ಇವರೇ ಮೊದಲಿಗರು. ಗೋವೆಯ ಗಡಿಯ ಆಚೆ, ಆಗ ಬಿಜಾಪುರದ ಸುಲ್ತಾನರಿಗೆ ಸೇರಿದ್ದ ಡಿಚೋಲಿಯಲ್ಲಿ, ಅವರು ನೆಲೆಸಿದರು. ಅಲ್ಲಿ ಇಗರ್ಜಿಯನ್ನು ಕಟ್ಟಿಸಿ ದೇಶೀಯ ಯಾಜಕರನ್ನು ತಮ್ಮ ಸುತ್ತ ಕೂಡಿಸಿಕೊಂಡರು. ಪೋರ್ಚುಗೀಸರ ವಿರೋಧವು ಮಾತ್ರ ಕೊನೆಯವರೆಗೂ ತಣಿಯಲಿಲ್ಲ. ಕಾಸ್ತ್ರೊ 1677ರಲ್ಲಿ ರೋಮಿನಲ್ಲೇ ದೇಹಬಿಟ್ಟರು. ಅವರ ವಿದ್ಯೆ ರೋಮಿನದು, ಆಶ್ರಯ ಬಿಜಾಪುರದ್ದು. ಹುಟ್ಟಿದ ಊರಿನ ಸಭೆಯಲ್ಲಿ ಅವರಿಗೆ ಪೀಠ ದೊರೆಯಲಿಲ್ಲ.

ಮುಂಬಯಿಯ ಕನ್ನಡಿಗರಿಗೆ ಈ ವೃತ್ತಾಂತದಲ್ಲಿ ವಿಶೇಷ ಆಸಕ್ತಿಯಿರಲು ಕಾರಣವಿದೆ. ಮುಂಬಯಿಯ ಕಥೋಲಿಕ ಧರ್ಮಪ್ರಾಂತದ ಮೂಲವು ಬಿಜಾಪುರದ ಹೆಸರಿನಲ್ಲಿ 1637ರಲ್ಲಿ ಏರ್ಪಟ್ಟ ಈ ಅಧಿಕಾರ ಕ್ಷೇತ್ರದಲ್ಲಿಯೇ ಇದೆ. ಮುಂದೆ ಆ ಕ್ಷೇತ್ರವು ಮೊಗಲರ ರಾಜ್ಯಕ್ಕೂ ವಿಸ್ತರಿಸಿತು. 1720ರಲ್ಲಿ ಇಂಗ್ಲಿಷರು ಮುಂಬಯಿಯ ಇಗರ್ಜಿಗಳಿಂದ ಪೋರ್ಚುಗೀಸ್ ಫ್ರಾನ್ಸಿಸ್ಕನರನ್ನು ಹೊರಗೆ ಕಳುಹಿಸಿ, ಅವುಗಳನ್ನು ರೋಮಿನಿಂದ ನೇರವಾಗಿ ನಿಯಮಿತರಾದ ಕಾರ್ಮೆಲೈಟ್ ಧರ್ಮಾಧ್ಯಕ್ಷರಿಗೆ ಒಪ್ಪಿಸಿದರು. 1886ರಲ್ಲಿ ಮುಂಬಯಿಯು ಆರ್ಚ್‌ಬಿಷಪರ ಪೀಠವಾಯಿತು. ಹೀಗೆ ಒಬ್ಬ ದೇಶೀಯನಿಗಾಗಿ ಹುಟ್ಟಿದ ಪೀಠದ ಪರಂಪರೆಯು ವಿದೇಶೀಯರ ಕೈಸೇರಿ ಅಲ್ಲಿಯೇ ಬಹುಕಾಲ ಉಳಿಯಿತು.

ಎರಡನೆಯ ವೃತ್ತಾಂತವು ಮುಂಬಯಿ ನಗರದ್ದೇ. ಈಸ್ಟ್ ಇಂಡಿಯಾ ಕಂಪನಿಯು ತನ್ನ ಪ್ರಜೆಗಳ ಮತವಿಚಾರದಲ್ಲಿ ಗೊಂದಲವೇಳಬಾರದೆಂದು ಮಿಷನರಿಗಳನ್ನು ಬಹುಕಾಲ ದೂರವಿರಿಸಿತ್ತು. 1813ರಲ್ಲಿ ಮುಂಬಯಿಗೆ ಬಂದ ಗಾರ್ಡನ್ ಹಾಲ್ ಮತ್ತು ಸ್ಯಾಮ್ಯುಅಲ್ ನಾಟ್ ಎಂಬ ಅಮೆರಿಕನರು ಅಲ್ಲಿ ನಿಲ್ಲುವ ಅಪ್ಪಣೆಗಾಗಿಯೇ ಹೆಣಗಬೇಕಾಯಿತು. ಅದೇ ವರ್ಷ ನವೀಕರಣಗೊಂಡ ಸನ್ನದು ಮಿಷನರಿಗಳಿಗೆ ಪರವಾನಗಿಯ ದಾರಿಯನ್ನು ತೆರೆಯಿತು; 1833ರ ಸನ್ನದು ಆ ಪರವಾನಗಿಯ ಕಟ್ಟನ್ನೂ ಸಡಿಲಿಸಿತು. ಈ ಎರಡು ಸನ್ನದುಗಳ ನಡುವೆ, 1829ರಲ್ಲಿ, ಸ್ಕಾಟ್ಲೆಂಡಿನ ಜಾನ್ ವಿಲ್ಸನ್ ಮುಂಬಯಿಗೆ ಬಂದರು. ಅವರು 1832ರಲ್ಲಿ ಸ್ಥಾಪಿಸಿದ ಶಾಲೆಯೇ ಇಂದಿನ ವಿಲ್ಸನ್ ಕಾಲೇಜಿನ ಮೂಲ.

ಆ ಶಾಲೆಯ ವಿದ್ಯಾರ್ಥಿಗಳಾಗಿದ್ದ ಧನ್‌ಜೀಭಾಯಿ ನವರೋಜಿ ಎಂಬ ಪಾರ್ಸಿ ತರುಣರು 1839ರಲ್ಲಿ ದೀಕ್ಷಾಸ್ನಾನವನ್ನು ಪಡೆದರು. ನಗರದ ಪಾರ್ಸಿ ಸಮಾಜವು ಕಂಪಿಸಿತು. ಬಂಧುಗಳು ನ್ಯಾಯಾಲಯದ ಮೆಟ್ಟಿಲೇರಿದರು. ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯವು ತರುಣನಿಗೆ ಉಂಟೆಂದು ನಿರ್ಣಯವಾಯಿತು. ಶಾಲೆಯಿಂದ ಪಾರ್ಸಿ ಹುಡುಗರು ಗುಂಪುಗುಂಪಾಗಿ ಹೊರನಡೆದರು. ತಂದೆತಾಯಿಗಳ ದುಃಖವನ್ನೂ ಸಮಾಜದ ಭೀತಿಯನ್ನೂ ಇಲ್ಲಿ ಲಘುವಾಗಿ ಎಣಿಸಲಾಗದು. ಮನೆಯೊಂದರ ಕುಡಿ ಬೇರೊಂದು ಮನೆಯ ಕುಲಕ್ಕೆ ಸೇರಿಹೋಯಿತೆಂಬ ಸಂಕಟವು ಯಥಾರ್ಥವಾದುದೇ.

1843ರ ಆರಂಭದಲ್ಲಿ ವಿಲ್ಸನ್ ಸ್ವದೇಶಕ್ಕೆ ಹೊರಟಾಗ ಧನ್‌ಜೀಭಾಯಿ ಅವರೊಡನೆ ಹೊರಟರು. ಈಜಿಪ್ತ, ಸಿನಾಯ್, ಪ್ಯಾಲೆಸ್ತೀನಗಳ ಮೂಲಕ ಸಾಗಿದ ಆ ಯಾತ್ರೆಯೇ ಒಂದು ಪಾಠಶಾಲೆಯಾಯಿತು. ವಿಲ್ಸನ್ ಈ ಯಾತ್ರೆಯ ಅನುಭವವನ್ನು 1847ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಅವರು ದಾರಿಯಲ್ಲಿದ್ದ ವರ್ಷವೇ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಭೆಯು ಒಡೆದು ಸ್ವತಂತ್ರ ಸಭೆಯು ಹುಟ್ಟಿತ್ತು. ಸಭಾಪಾಲಕರ ನೇಮಕದಲ್ಲಿ ಜಮೀನುದಾರರ ಮಾತು ನಡೆಯಬೇಕೋ ಸಭಿಕರ ಮಾತು ನಡೆಯಬೇಕೋ ಎಂಬುದೇ ಆ ಒಡಕಿನ ಮುಖ್ಯ ಕಾರಣ. ಬೋಧಕನ ಮೇಲೆ ಅಧಿಕಾರ ಯಾರದೆಂಬ ಜಗಳವು ಕಲಿಸುವವರ ಮನೆಯಲ್ಲೂ ನಡೆದಿತ್ತೆಂಬುದನ್ನು ಮುಂಬಯಿಯ ತರುಣರು ಕಣ್ಣಾರೆ ಕಂಡಿರಬೇಕು. ಎಡಿನ್‌ಬರೋದಲ್ಲಿ ಸ್ವತಂತ್ರ ಸಭೆಯ ಕಾಲೇಜಿನಲ್ಲಿ ದೇವಜ್ಞಾನಶಾಸ್ತ್ರವನ್ನು ಓದಿ, 1846ರಲ್ಲಿ ಅವರು ದೀಕ್ಷೆ ಪಡೆದರು. ಮರಳಿ ಬಂದು ಆಯುಷ್ಯವನ್ನು ಬೋಧನೆಯಲ್ಲಿ ಸವೆಸಿ 1908ರಲ್ಲಿ ನಿಧನ ಹೊಂದಿದರು. ಗೋವೆಯು ಕಾಸ್ತ್ರೊ ಅವರಿಗೆ ನಿರಾಕರಿಸಿದುದನ್ನು ಮುಂಬಯಿಯು ಎರಡು ಶತಮಾನಗಳ ತರುವಾಯ ಧನ್‌ಜೀಭಾಯಿಗೆ ಕೊಟ್ಟಿತು.

ಮೂರನೆಯ ವೃತ್ತಾಂತವು ಕನ್ನಡ ನಾಡಿಗೆ ಅತ್ಯಂತ ಹತ್ತಿರದ್ದು. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಷನ್ ಸಂಘವು, 1833ರ ಸನ್ನದಿನಿಂದ ದಾರಿ ಸುಗಮವಾದೊಡನೆ, ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರನ್ನು ಕಳುಹಿಸಿತು. ಅವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಅದೇ ತಿಂಗಳು ಮಂಗಳೂರಿಗೆ ಬಂದರು. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಬೆಟಗೇರಿಯಲ್ಲಿ 1841ರಲ್ಲಿ ಅವರ ಕೇಂದ್ರಗಳು ಏರ್ಪಟ್ಟುವು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಅವರು ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ವಿದ್ವಾಂಸರು. ಆದರೆ ಮಂಗಳೂರಿನಲ್ಲಿ ಅವರು ಹುಡುಗರೊಡನೆ ಒಂದೇ ಮನೆಯಲ್ಲಿ ವಾಸಿಸಿ, ಅವರುಣ್ಣುವ ಅನ್ನವನ್ನೇ ಉಂಡು ಕಲಿಸಿದರು. ಬೋಧಕರನ್ನು ಸಿದ್ಧಪಡಿಸುವವನು ಅವರ ಭಾಷೆಗೆ ಮೊದಲು ತಾನು ಶಿಷ್ಯನಾಗಬೇಕೆಂಬುದನ್ನು ಅವರು ನಡೆದು ತೋರಿಸಿದರು. 1841ರಲ್ಲಿ ಮೋಗ್ಲಿಂಗರ ಸಹೋದ್ಯೋಗಿ ವೈಗಲ್ ಮುಂಬಯಿಗೆ ಹೋಗಿ ಒಂದು ಕಲ್ಲಚ್ಚಿನ ಯಂತ್ರವನ್ನೂ ಅದನ್ನು ನಡೆಸಬಲ್ಲ ಇಬ್ಬರು ಮರಾಠಿ ಕೆಲಸಗಾರರನ್ನೂ ಮಂಗಳೂರಿಗೆ ತಂದರು. ಎರಡೇ ವರ್ಷಗಳಲ್ಲಿ, 1843ರ ಜುಲೈ ತಿಂಗಳಲ್ಲಿ, ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಹೊರಟಿತು.

1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು ಮೋಗ್ಲಿಂಗರಿಂದ ದೀಕ್ಷಾಸ್ನಾನವನ್ನು ಪಡೆದು ಗುರುವಿನ ಹೆಸರನ್ನೂ ತಮ್ಮ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಮುಂಬಯಿಯಲ್ಲಿ ಐದು ವರ್ಷಗಳ ಹಿಂದೆ ಎದ್ದಂಥದೇ ಕೋಲಾಹಲವು ಮಂಗಳೂರಿನಲ್ಲಿಯೂ ಎದ್ದಿತು. 1846ರಲ್ಲಿ ಕೌಂಡಿನ್ಯರು ಬಾಸೆಲ್ಲಿನ ಮಿಷನ್ ವಿದ್ಯಾಲಯವನ್ನು ಸೇರಿದರು. ಆ ವಿದ್ಯಾಲಯದ ಬಹುತೇಕ ವಿದ್ಯಾರ್ಥಿಗಳು ವ್ಯುರ್ಟೆಂಬೆರ್ಗಿನ ಹಳ್ಳಿಗಳ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ಶಾಸ್ತ್ರ, ಪ್ರಾಚೀನ ಭಾಷೆಗಳು, ಪ್ರಾರ್ಥನೆ, ಕೈಕೆಲಸ ಇವೆಲ್ಲವೂ ಗಂಟೆಯ ಲೆಕ್ಕದಲ್ಲಿ ನಡೆಯುವ ಕಠಿಣವಾದ ಶಿಸ್ತು ಅಲ್ಲಿಯದು. ಸಮುದ್ರಯಾನವೇ ನಿಷಿದ್ಧವೆಂದು ಎಣಿಸುತ್ತಿದ್ದ ಮನೆತನದಿಂದ ಬಂದವರು ಬಡಗಿಯ ಮಗನೊಂದಿಗೆ ಒಂದೇ ಪಂಕ್ತಿಯಲ್ಲಿ ಕುಳಿತು ಐದು ವರ್ಷ ಕಲಿತರು. ಜಾತಿಯ ಹಿರಿಮೆ ಅಲ್ಲಿ ನಡೆಯುವಂತಿರಲಿಲ್ಲ.

1851ರಲ್ಲಿ ದೀಕ್ಷಿತರಾಗಿ ಮರಳಿದ ಕೌಂಡಿನ್ಯರನ್ನು ಮಿಷನ್ ಯುರೋಪೀಯ ಮಿಷನರಿಗಳ ಸಾಲಿನಲ್ಲಿಯೇ ನಿಲ್ಲಿಸಿತು. ಅವರು ಮಂಗಳೂರಿನ ವಿದ್ಯಾಲಯದಲ್ಲಿ ಬೋಧಿಸಿದರು. ಕೊಡಗಿನಲ್ಲಿ ಮೋಗ್ಲಿಂಗರೊಡನೆ ದುಡಿದರು. ಅಲ್ಲಿ ದೀನಜಾತಿಗಳ ಕ್ರೈಸ್ತರಿಗಾಗಿ ಏರ್ಪಟ್ಟ ಊರಿಗೆ ಆನಂದಪುರವೆಂದು ಅವರ ಹೆಸರೇ ಬಂದಿತು. ಅವರು ತೀರಿಕೊಂಡುದು 1893ರಲ್ಲಿ. ಈ ಗೌರವವು ನಿಜವಾದದ್ದೇ. ಆದರೆ ಅದು ಒಬ್ಬರಿಗೆ ದೊರೆತ ಗೌರವ. ಬಾಸೆಲ್ಲಿಗೆ ಹೋಗದೆ ಇಲ್ಲಿಯೇ ಕಲಿತು ದುಡಿದ ಉಪದೇಶಿಗಳು ಮಿಷನರಿಯ ಕೈಕೆಳಗಿನ ಸಹಾಯಕರಾಗಿಯೇ ಬಹುಕಾಲ ಉಳಿದರು. ಸಂಘದ ಮುಖ್ಯಾಧಿಕಾರಿ ಯೋಸೆನ್‌ಹಾನ್ಸ್ 1851-52ರಲ್ಲಿ ತಾವೇ ಬಂದು ಇಲ್ಲಿಯ ಕೇಂದ್ರಗಳನ್ನು ಸಂದರ್ಶಿಸಿ ಸಭೆಗಳ ಆಡಳಿತಕ್ಕೆ ಒಂದು ಕ್ರಮವನ್ನು ಕಲ್ಪಿಸಿದರು. ಆದರೆ ಕಟ್ಟಕಡೆಯ ಮಾತು ಬಾಸೆಲ್ಲಿನದೇ ಆಗಿತ್ತು.

ಇದಕ್ಕೆ ಕಾರಣವನ್ನು ವ್ಯಕ್ತಿಗಳ ಮನೋಧರ್ಮದಲ್ಲಿ ಮಾತ್ರ ಹುಡುಕಿದರೆ ಸಾಲದು. ದೀಕ್ಷಾಸ್ನಾನ ಪಡೆದವರಲ್ಲಿ ಅನೇಕರು ಜಾತಿಯಿಂದಲೂ ಕಸುಬಿನಿಂದಲೂ ದೂರವಾಗಿ ನಿರ್ಗತಿಕರಾಗಿದ್ದರು. ಅವರ ಜೀವನೋಪಾಯಕ್ಕೆಂದೇ ಮಿಷನ್ ನೇಯ್ಗೆಯನ್ನೂ, 1865ರಿಂದ ಹಂಚಿನ ಕಾರಖಾನೆಯನ್ನೂ ನಡೆಸಬೇಕಾಯಿತು. ಅಂಥ ಸಭೆಯು ತನ್ನ ಬೋಧಕನ ಹೊಟ್ಟೆಯನ್ನು ತಾನೇ ಹೊರೆಯಲಾರದು. ಸಂಬಳವು ಎಲ್ಲಿಂದ ಬರುವುದೋ ಆಜ್ಞೆಯೂ ಅಲ್ಲಿಂದಲೇ ಬರುವುದು ಲೋಕರೂಢಿ. ದೀಕ್ಷೆಯಲ್ಲಿ ಸಮಾನರಾದವರು ವೇತನದ ಪಟ್ಟಿಯಲ್ಲಿ ಅಸಮಾನರಾದುದರ ಒಂದು ಮುಖ್ಯ ಕಾರಣವಿದು.

ಹೀಗಿದ್ದರೂ ಸಭೆಯ ಭವಿಷ್ಯವನ್ನು ನಿರ್ಣಯಿಸಿದ ಕೆಲಸವು ಬಾಸೆಲ್ಲಿಗಿಂತ ಹೆಚ್ಚಾಗಿ ಮಂಗಳೂರಿನಲ್ಲಿಯೇ ನಡೆಯಿತು. 1847ರಲ್ಲಿ ಅಲ್ಲಿ ಉಪದೇಶಿಗಳಿಗಾಗಿ ತೆರೆದ ವಿದ್ಯಾಲಯವು ಮುಂದೆ ಬಲ್ಮಠದ ಗುಡ್ಡದಲ್ಲಿ ನೆಲೆನಿಂತು, 1965ರಿಂದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜ್ ಎಂಬ ಹೆಸರನ್ನು ಹೊತ್ತಿದೆ. ಅಲ್ಲಿಗೆ ಕಲಿಯಲು ಬಂದವರಲ್ಲಿ ಅನೇಕರ ಮನೆಮಾತು ತುಳು. ಬೈಬಲಿನ ಹೊಸ ಒಡಂಬಡಿಕೆಯೂ 1847ರಷ್ಟು ಮುಂಚೆಯೇ ಕನ್ನಡ ಲಿಪಿಯಲ್ಲಿ ತುಳುವಿಗೆ ಬಂದಿತ್ತು. ಮನೆಯಲ್ಲಿ ತುಳುವನ್ನಾಡುವವರು ಗ್ರಂಥಕ್ಕೂ ವ್ಯಾಖ್ಯಾನಕ್ಕೂ ಕನ್ನಡವನ್ನು ಅವಲಂಬಿಸಿದರು. ಕೊಂಕಣಿ ಮನೆಯ ಕೌಂಡಿನ್ಯರೂ ಕನ್ನಡ ಕಲಿಸುವವರಾದರು. ಮನೆಯ ಮಾತು ಒಂದು, ವಿದ್ಯೆಯ ಮಾತು ಕನ್ನಡ ಎಂಬ ಈ ಸ್ಥಿತಿ, ಕರಾವಳಿಯಿಂದ ಮುಂಬಯಿಗೆ ಬಂದು ನೆಲೆಸಿದ ಅಸಂಖ್ಯ ಕುಟುಂಬಗಳಿಗೆ ಅಪರಿಚಿತವಲ್ಲ.

ಬೋಧಕನಿಗೆ ಕನ್ನಡದಲ್ಲಿ ಪ್ರಾರ್ಥಿಸಲು ಬರಬೇಕು. ಪಂಡಿತರ ಮುಂದೆ ಬಾಯಿಬಿಡಬೇಕಾದರೆ ಕನ್ನಡದ ಕಾವ್ಯಪುರಾಣಗಳ ಪರಿಚಯವೂ ಇರಬೇಕು. ಈ ಅವಶ್ಯಕತೆಯು ಮಿಷನರಿಗಳನ್ನು ಓಲೆಗರಿಗಳತ್ತ ತಿರುಗಿಸಿತು. ಕ್ಯಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿಯ ಧನಸಹಾಯದಿಂದ ಮೋಗ್ಲಿಂಗರು 1848ರಿಂದ 1853ರವರೆಗೆ ಕನ್ನಡದ ಪ್ರಾಚೀನ ಗ್ರಂಥಗಳ ಮಾಲೆಯನ್ನು ಪ್ರಕಟಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟುದು ಈ ಸೇವೆಗಾಗಿ. 1853ರಲ್ಲಿ ಬಂದ ಕಿಟ್ಟೆಲ್ಲರ ನಿಘಂಟು 1894ರಲ್ಲಿ ಹೊರಬಂದಿತು. ಧರ್ಮಪ್ರಚಾರಕ್ಕೆಂದು ಕೈಗೊಂಡ ಭಾಷಾಭ್ಯಾಸವು ಆ ಧರ್ಮವನ್ನು ಒಪ್ಪದವರಿಗೂ ಬೇಕಾದ ಆಸ್ತಿಯನ್ನು ಬಿಟ್ಟುಹೋಯಿತು.

ಈ ಶಿಕ್ಷಣದ ನಿಜವಾದ ಪರೀಕ್ಷೆ ನಡೆದುದು 1914ರಲ್ಲಿ. ಮೊದಲನೆಯ ಮಹಾಯುದ್ಧವು ಹತ್ತಿದಾಗ, ಬಾಸೆಲ್ ಮಿಷನ್ ಸ್ವಿಟ್ಸರ್ಲೆಂಡಿನದಾದರೂ ಅದರ ಕಾರ್ಯಕರ್ತರಲ್ಲಿ ಬಹುಮಂದಿ ಜರ್ಮನರಾಗಿದ್ದುದರಿಂದ, ಸರಕಾರವು ಅವರನ್ನು ಶತ್ರುದೇಶದ ಪ್ರಜೆಗಳೆಂದು ಬಗೆಯಿತು. ಅನೇಕರು ಮುಂಬಯಿ ಆಧಿಪತ್ಯದ ಅಹಮದ್‌ನಗರದ ಶಿಬಿರದಲ್ಲಿ ಬಂಧಿತರಾದರು. ಕ್ರಮೇಣ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಕಾರಖಾನೆಗಳು ಕೈತಪ್ಪಿದುವು. ಎಂಬತ್ತು ವರ್ಷಗಳ ಮರವನ್ನು ಬುಡಸಹಿತ ಕಿತ್ತಂತಾಯಿತು. ಆದರೆ ಸಭೆಗಳು ಚದುರಿಹೋಗಲಿಲ್ಲ. ಭಾನುವಾರದ ಪ್ರಾರ್ಥನೆ ನಿಲ್ಲಲಿಲ್ಲ; ಮಕ್ಕಳ ದೀಕ್ಷಾಸ್ನಾನ, ಮದುವೆ, ಸಮಾಧಿಕ್ರಿಯೆಗಳು ನಡೆದೇ ನಡೆದುವು. ಅವುಗಳನ್ನು ನಡೆಸಿದವರು ಅದುವರೆಗೆ ಸಹಾಯಕರೆನಿಸಿದ್ದ ದೇಶೀಯ ಬೋಧಕರು. ಅವರಲ್ಲಿ ಬಹುಮಂದಿ ಕಡಲನ್ನು ದಾಟಿದವರಲ್ಲ; ಕನ್ನಡದಲ್ಲಿ ಕಲಿತು ಕನ್ನಡದಲ್ಲಿ ಬೋಧಿಸಿದವರು.

ಕಥೋಲಿಕ ಸಭೆಯಲ್ಲಿಯೂ ಇಂಥದೇ ಒಂದು ವರ್ತುಲವು ಪೂರ್ತಿಯಾದುದನ್ನು ಇಲ್ಲಿ ನೆನೆಯಬಹುದು. ಮತೇವೂಸ್ ದ ಕಾಸ್ತ್ರೊ ಬಿಷಪರಾದ 313 ವರ್ಷಗಳ ತರುವಾಯ, 1950ರಲ್ಲಿ, ವಲೇರಿಯನ್ ಗ್ರೇಶಿಯಸ್ ಅವರು ಮುಂಬಯಿಯ ಪ್ರಥಮ ಭಾರತೀಯ ಆರ್ಚ್‌ಬಿಷಪರಾದರು. 1953ರಲ್ಲಿ ಭಾರತದ ಪ್ರಥಮ ಕಾರ್ಡಿನಲ್ ಪದವಿಯೂ ಅವರಿಗೆ ಬಂದಿತು. ಗೋವೆಯ ಮೂಲದವರಾಗಿ ಕರಾಚಿಯಲ್ಲಿ ಹುಟ್ಟಿದ ಅವರು ಯಾಜಕರಾಗುವ ವಿದ್ಯೆಯನ್ನು ಆರಂಭಿಸಿದುದು ಮಂಗಳೂರಿನ ಸಂತ ಜೋಸೆಫ್ ಸೆಮಿನರಿಯಲ್ಲಿ. ಅನಂತರ ಕ್ಯಾಂಡಿಯಲ್ಲಿಯೂ ರೋಮಿನಲ್ಲಿಯೂ ಅವರು ವ್ಯಾಸಂಗ ಮಾಡಿದರು. ಕಾಸ್ತ್ರೊ ಅವರಿಗೆ ರೋಮು ಒಂದೇ ಗತಿಯಾಗಿತ್ತು. ಗ್ರೇಶಿಯಸ್ ಅವರ ಕಾಲಕ್ಕೆ ಕರಾವಳಿಯಲ್ಲಿಯೇ ಬುನಾದಿ ಸಿದ್ಧವಾಗಿತ್ತು.

ಮೂರು ಶತಮಾನಗಳ ಈ ವೃತ್ತಾಂತದಿಂದ ಏಳುವ ತಾತ್ಪರ್ಯವು ಸರಳವಾದುದು. ಹೊರನಾಡಿನಲ್ಲಿ ಪಡೆದ ವಿದ್ಯೆಯು ಕಾಸ್ತ್ರೊ, ಧನ್‌ಜೀಭಾಯಿ, ಕೌಂಡಿನ್ಯರಂಥವರಿಗೆ ಆಳುವವರ ಎದುರು ತಲೆಯೆತ್ತಿ ನಿಲ್ಲುವ ಅಧಿಕಾರವನ್ನು ಕೊಟ್ಟಿತು. ಹಾಗೆ ನಿಂತವರು ಇಲ್ಲದಿದ್ದರೆ ದೇಶೀಯನು ಗುರುಪೀಠಕ್ಕೆ ಅರ್ಹನೆಂಬ ಮಾತು ಕೇವಲ ವಾದವಾಗಿ ಉಳಿಯುತ್ತಿತ್ತು. ಆದರೆ ಒಬ್ಬಿಬ್ಬರ ಪದವಿಯಿಂದ ಒಂದು ಜನಸಮೂಹವು ಸ್ವತಂತ್ರವಾಗದು. ತನ್ನ ಗುರುಗಳನ್ನು ತನ್ನ ಮಾತಿನಲ್ಲಿ ತನ್ನ ಅಂಗಳದಲ್ಲಿಯೇ ಸಿದ್ಧಪಡಿಸಿಕೊಂಡ ದಿನದಿಂದ ಅದು ಹೊರಗಿನವರ ಬರವಿಗೂ ನಿರ್ಗಮನಕ್ಕೂ ಅಂಜಬೇಕಾಗಿಲ್ಲ. ನಾಡಿನಿಂದ ದೂರದಲ್ಲಿದ್ದು ಮಕ್ಕಳಿಗೆ ಕನ್ನಡ ಕಲಿಸುವ ಗುರುಗಳು ಮುಂದೆ ಎಲ್ಲಿಂದ ಬರಬೇಕೆಂದು ಆಲೋಚಿಸುವ ಮುಂಬಯಿ ಕನ್ನಡಿಗರಿಗೆ ಈ ಪಾಠವು ಬೇರೊಂದು ಮತದವರ ಚರಿತ್ರೆಯಿಂದ ಬಂದುದೆಂಬ ಕಾರಣಕ್ಕೆ ಕಡಿಮೆ ಬೆಲೆಯದಾಗಲಾರದು.